ಮೂರ್ಛೆ ರೋಗವನ್ನು ಸೈತಾನನ ಕೆಲಸವೆನ್ನುವುದು ಕ್ರೈಸ್ತ ನಂಬಿಕೆಯೇ?

ಪ್ರಶ್ನೆ: ಕೇಶ್ವಾಪುರ, ಹುಬ್ಬಳ್ಳಿಯಿಂದ

ಎಲ್ಲರಿಗೂ ವಂದನೆಗಳು. ನಮ್ಮದು ಮೂರು ತಲೆಮಾರಿನಿಂದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗೆ ಸೇರಿದ ಕುಟುಂಬ. ಅಜ್ಜ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು. ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಬೈಬಲ್ ಓದುವ ಪದ್ಧತಿ ಅವರ ಕಾಲದಿಂದಲೂ ತಪ್ಪಿಲ್ಲ. ಹೀಗಿದ್ದೂ ಸೈತಾನನ ವಿಷಯ ನಮ್ಮಲ್ಲಿ ಹೆಚ್ಚು ಚರ್ಚೆಗೆ ಬಂದದ್ದಿಲ್ಲ. ಈಗ ಬಂದಿದೆ, ಬಂದ ರೀತಿ ಮಾತ್ರ ನನ್ನನ್ನು ನಿದ್ದೆಗೆಡಿಸಿದೆ.

ನನ್ನ ತಮ್ಮನಿಗೆ 19 ವರ್ಷ. ಎರಡು ವರ್ಷಗಳಿಂದ ಅವನಿಗೆ ಮೂರ್ಛೆ ಬರುತ್ತದೆ, ಹೆಚ್ಚಾಗಿ ಬೆಳಗಿನ ಜಾವದಲ್ಲಿ. ಮಾತ್ರೆ ಆರಂಭಿಸಿದ ಮೇಲೆ ಎಂಟು ತಿಂಗಳು ಒಮ್ಮೆಯೂ ಬಂದಿರಲಿಲ್ಲ. ಈ ಮಳೆಗಾಲದಲ್ಲಿ ಪರಿಚಯದವರೊಬ್ಬರು ಅಮ್ಮನನ್ನೂ ಅವನನ್ನೂ ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮುಂದಾಳುವಾಗಿದ್ದವರು ತಮ್ಮನ ತಲೆಯ ಮೇಲೆ ಕೈಯಿಟ್ಟು, ಇದು ರೋಗವಲ್ಲ, ದುರಾತ್ಮ, ನಿಮ್ಮ ಮನೆತನದಲ್ಲಿ ಯಾರೋ ಮಾಡಿ ಅರಿಕೆ ಮಾಡದೆ ಉಳಿಸಿದ ಪಾಪವೊಂದು ಅದಕ್ಕೆ ಬಾಗಿಲು ತೆರೆದಿದೆ, ಮಾತ್ರೆ ನುಂಗುತ್ತಿರುವುದೇ ಅವಿಶ್ವಾಸದ ಗುರುತು ಎಂದು ಎಲ್ಲರೆದುರು ಹೇಳಿದರಂತೆ. ಅಮ್ಮ ನಮಗೆ ತಿಳಿಸದೆ ಮಾತ್ರೆ ನಿಲ್ಲಿಸಿದಳು. ಹನ್ನೊಂದನೆಯ ದಿನ ತಮ್ಮ ಬಚ್ಚಲ ಮನೆಯಲ್ಲಿ ಬಿದ್ದ. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಹಾಕಬೇಕಾಯಿತು.

ಮಾತ್ರೆ ಈಗ ಮತ್ತೆ ನಡೆದಿದೆ, ಗಾಯವೂ ಮಾಯುತ್ತಿದೆ. ಆದರೆ ಆ ಸಂಜೆ ಕೇಳಿಸಿಕೊಂಡ ಮಾತು ಅವನೊಳಗೆ ಮಾಯುತ್ತಿಲ್ಲ. ದೀಪ ಆರಿಸಿದ ಮೇಲೆ ಕನ್ನಡಿಯಿರುವ ಕೋಣೆಗೆ ಹೋಗುವುದಿಲ್ಲ. ಮೊನ್ನೆ ರಾತ್ರಿ ನನ್ನ ಹಾಸಿಗೆಯ ಬಳಿ ಬಂದು ಕುಳಿತು, "ಅಕ್ಕಾ, ನನ್ನೊಳಗ ಇರೋದು ನಾನ ಹೌದಲ್ಲೋ?" ಎಂದು ಕೇಳಿದ.

ಅಮ್ಮನನ್ನು ದೂರಿ ಪ್ರಯೋಜನವಿಲ್ಲ. ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯವನ್ನು ತೆರೆದು ನನ್ನ ಮುಂದಿಟ್ಟು, "ಈ ಹುಡುಗನೂ ನೊರೆ ಕಾರುತ್ತಿದ್ದ, ಹಲ್ಲು ಕಡಿಯುತ್ತಿದ್ದ, ಕರ್ತನೇ ದೆವ್ವ ಬಿಡಿಸಿದ್ದಾನೆ, ಇದಕ್ಕೇನು ಹೇಳುತ್ತೀ?" ಎಂದಳು. ನಾನು ಏನೂ ಹೇಳಲಾರದೆ ಹೋದೆ. ಸೈತಾನ ಎಂದರೆ ಯಾರು, ಮನುಷ್ಯನ ಮೇಲೆ ಅವನಿಗೆ ಎಷ್ಟು ಅಧಿಕಾರವಿದೆ ಎಂಬ ವಿಷಯದಲ್ಲಿ ಕ್ರೈಸ್ತ ಸಭೆ ನಿಜವಾಗಿ ಏನು ಕಲಿಸಿದೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ: ನಿವೃತ್ತ ಶಿಕ್ಷಕ, ಧಾರವಾಡ

ತಂಗಿ, ನಿಮ್ಮ ತಮ್ಮನ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅವನಿಗೆ ಇವತ್ತೇ ಓದಿ ಹೇಳಿ. ಹೌದಪ್ಪಾ, ನಿನ್ನೊಳಗೆ ಇರುವವನು ನೀನೇ. ಉಳಿದದ್ದನ್ನು ನಿಧಾನವಾಗಿ ಬರೆಯುತ್ತೇನೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಆದ್ದರಿಂದ ಶಬ್ದಗಳಿಂದಲೇ ತೊಡಗುವುದು ನನಗೆ ರೂಢಿ.

ಅಮ್ಮನವರು ತೋರಿಸಿದ ಅಧ್ಯಾಯದಲ್ಲಿ ಬರುವ "ದೆವ್ವ" ಎಂಬ ಮಾತು ನಮ್ಮದೇ ಮಾತು, "ದೈವ" ಶಬ್ದದ ತದ್ಭವ. ನಮ್ಮ ಹಳ್ಳಿಗಳಲ್ಲಿ ದೆವ್ವವೆಂದರೆ ಬಾವಿಗೆ ಬಿದ್ದು ಸತ್ತವಳು, ಬಾಣಂತಿತನದಲ್ಲಿ ತೀರಿಕೊಂಡವಳು, ಆಸೆ ಉಳಿಸಿಕೊಂಡು ಹೋದ ಹಿರಿಯ. ಗ್ರೀಕ್ ಮೂಲದ ಸುವಾರ್ತೆಯನ್ನು ಕನ್ನಡಕ್ಕೆ ತಂದವರಿಗೆ ಮತ್ತೊಂದು ಮಾತು ಸಿಗಲಿಲ್ಲವೆಂದು ತಪ್ಪು ಹೊರಿಸಲಾರೆ, ಆದರೆ ಆ ಮಾತಿನ ಜೊತೆಗೆ ಹುಣಸೆಮರ, ಅಮಾವಾಸ್ಯೆ, ಹಳೆಯ ಬಾವಿ ಎಲ್ಲವೂ ನಮ್ಮ ಓದಿನೊಳಗೆ ನುಸುಳಿದವು. ಹೊಸ ಒಡಂಬಡಿಕೆಯ ಯಾವ ಪುಟದಲ್ಲಿಯೂ ಅಶುದ್ಧಾತ್ಮಗಳು ಸತ್ತ ಮನುಷ್ಯರ ಆತ್ಮಗಳೆಂದು ಹೇಳಿಲ್ಲ. ಸಭೆಯ ಸಂಪ್ರದಾಯ ಅವುಗಳನ್ನು ದೇವರಿಗೆ ತಿರುಗಿಬಿದ್ದ ದೂತರೆಂದು ತಿಳಿದಿದೆ. ಸತ್ತವರು ದೇವರ ಕೈಯಲ್ಲಿದ್ದಾರೆ, ಅವರು ಯಾರ ಮೈಮೇಲೂ ಬರುವುದಿಲ್ಲ. ಮನೆತನದ ಹಿರಿಯರಲ್ಲಿ ಯಾರು ಏನು ಮಾಡಿದರೆಂದು ಅಮ್ಮನವರು ಈಗ ಲೆಕ್ಕ ಹಾಕುತ್ತಿದ್ದರೆ ಅದನ್ನು ಇಲ್ಲಿಗೇ ಬಿಡಬಹುದು.

ಇನ್ನು "ಸೈತಾನ" ಎಂಬುದು ಹೀಬ್ರೂ ಶಬ್ದ. ಮೊದಲಿಗೆ ಅದು ಹೆಸರೇ ಅಲ್ಲ. ಎದುರು ನಿಲ್ಲುವವನು, ಆರೋಪ ಹೊರಿಸುವವನು ಎಂದು ಅದರ ಅರ್ಥ. ನಮ್ಮ ಕೋರ್ಟಿನ ಭಾಷೆಯಲ್ಲಿ ಫಿರ್ಯಾದಿ ಎನ್ನಬಹುದು. ಅರಣ್ಯಕಾಂಡದ 22ನೆಯ ಅಧ್ಯಾಯದಲ್ಲಿ ಬಿಳಾಮನ ದಾರಿಗೆ ಅಡ್ಡ ನಿಂತ ಯೆಹೋವನ ದೂತನ ವಿಷಯದಲ್ಲಿಯೂ ಮೂಲದಲ್ಲಿ ಇದೇ ಶಬ್ದವಿದೆ. ಜೆಕರ್ಯನ 3ನೆಯ ಅಧ್ಯಾಯದಲ್ಲಿ ಸೈತಾನನು ಮಹಾಯಾಜಕನಾದ ಯೆಹೋಶುವನ ಬಲಗಡೆಯಲ್ಲಿ ದೋಷಾರೋಪಣೆಗಾಗಿ ನಿಂತಿದ್ದಾನೆ. ಎಲ್ಲವನ್ನೂ ಕಳೆದುಕೊಂಡು ರೋಗಕ್ಕೆ ತುತ್ತಾದ ಭಕ್ತನ ಕಥೆ ಹೇಳುವ ಯೋಬನ ಗ್ರಂಥದಲ್ಲಿ ದೇವದೂತರ ಸಭೆಗೆ ಬಂದು, ಯೋಬನ ಭಕ್ತಿ ಲಾಭಕ್ಕಾಗಿ ಮಾಡಿದ್ದು ಎಂದು ವಾದಿಸುತ್ತಾನೆ. ಅಲ್ಲಿಯೂ ಅಪ್ಪಣೆಯಿಲ್ಲದೆ ಅವನು ಯೋಬನ ಒಂದು ಕುರಿಯನ್ನೂ ಮುಟ್ಟಲಾರ. ಕೆಡುಕಿನ ಹೊಣೆಯನ್ನು ಯಾರ ಮೇಲೆ ಹಾಕಬೇಕೆಂಬ ವಿಷಯದಲ್ಲಿ ಆ ಕಾಲದ ಭಕ್ತರ ಯೋಚನೆಯೂ ಬೆಳೆಯುತ್ತಾ ಬಂದಿದೆ. ದಾವೀದನು ಜನಗಣತಿ ಮಾಡಿಸಿದ್ದನ್ನು ಎರಡನೆಯ ಸಮುವೇಲನ 24ನೆಯ ಅಧ್ಯಾಯ ಯೆಹೋವನ ಕೋಪದ ಪ್ರೇರಣೆ ಎನ್ನುತ್ತದೆ. ಅದೇ ಪ್ರಸಂಗವನ್ನು ಮುಂದಿನ ಕಾಲದಲ್ಲಿ ಬರೆದ ಮೊದಲನೆಯ ಪೂರ್ವಕಾಲವೃತ್ತಾಂತದ 21ನೆಯ ಅಧ್ಯಾಯ ಸೈತಾನನ ಪ್ರೇರಣೆ ಎನ್ನುತ್ತದೆ. ಏದೆನ್ ತೋಟದ ಸರ್ಪವನ್ನು ಆದಿಕಾಂಡ ಎಲ್ಲಿಯೂ ಸೈತಾನನೆಂದು ಕರೆಯುವುದಿಲ್ಲ. ಆ ಎರಡನ್ನೂ ಜೋಡಿಸಿ ಹೇಳುವುದು ಬೈಬಲಿನ ಕೊನೆಯ ಗ್ರಂಥವಾದ ಪ್ರಕಟನೆಯ 12ನೆಯ ಅಧ್ಯಾಯ. ಸೈತಾನನಿಗೆ ಜನ ಹೇಳುವ "ಲೂಸಿಫರ್" ಎಂಬ ಹೆಸರಂತೂ ಯೆಶಾಯನ 14ನೆಯ ಅಧ್ಯಾಯದಲ್ಲಿ ಬಾಬೆಲಿನ ಅರಸನನ್ನು ಹಂಗಿಸಿ ಹಾಡಿದ ಹಾಡಿನಲ್ಲಿ ಬರುವ ಬೆಳ್ಳಿಚುಕ್ಕಿಯ ಲ್ಯಾಟಿನ್ ಭಾಷಾಂತರ, ಅಷ್ಟೇ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಯೋಬನ ಗ್ರಂಥದ ಬಗ್ಗೆ. ಅಲ್ಲಿ ಸೈತಾನನು ಮೊದಲ ಎರಡು ಅಧ್ಯಾಯಗಳಲ್ಲಿ ಮಾತ್ರ ಕಾಣಿಸುತ್ತಾನೆ. ಆಮೇಲೆ 42ನೆಯ ಅಧ್ಯಾಯದ ಕೊನೆಯವರೆಗೂ ಅವನ ಸುಳಿವೇ ಇಲ್ಲ. ಹಾಗಾದರೆ ಆರೋಪ ಹೊರಿಸುವ ಕೆಲಸ ನಿಂತಿತೇ? ನಿಲ್ಲಲಿಲ್ಲ, ಅದನ್ನು ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು ಮುಂದುವರಿಸಿದರು. ಬೂದಿಯಲ್ಲಿ ಕುಳಿತು ಬೋಕಿಯಿಂದ ಮೈ ಕೆರೆದುಕೊಳ್ಳುತ್ತಿದ್ದ ರೋಗಿಯ ಮುಂದೆ ನಿಂತು, ನೀನೋ ನಿನ್ನ ಮಕ್ಕಳೋ ಪಾಪ ಮಾಡಿರಲೇಬೇಕು, ಇಲ್ಲದಿದ್ದರೆ ಇದು ಬರುತ್ತಿರಲಿಲ್ಲ ಎಂದು ಬಹಳ ಭಕ್ತಿಯ ಮಾತಿನಲ್ಲಿಯೇ ವಾದಿಸಿದರು. ಕೊನೆಗೆ ದೇವರ ಕೋಪ ಯೋಬನ ಮೇಲಲ್ಲ, ಆ ಸ್ನೇಹಿತರ ಮೇಲೆ ಉರಿಯಿತು. ನಿಮ್ಮ ತಮ್ಮನ ತಲೆಯ ಮೇಲೆ ಕೈಯಿಟ್ಟು ಮನೆತನದ ಪಾಪವನ್ನು ಎತ್ತಿ ಆಡಿದವರು ಆ ಗ್ರಂಥವನ್ನು ಪೂರ್ತಿ ಓದಿದ್ದರೆ ಆ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ಪ್ರಕಟನೆಯ ಅದೇ 12ನೆಯ ಅಧ್ಯಾಯ ಸೈತಾನನನ್ನು ಹಗಲಿರುಳು ನಮ್ಮ ಸಹೋದರರ ಮೇಲೆ ದೂರು ಹೇಳುವವನೆಂದು ಕರೆದಿದೆ. ಪವಿತ್ರಾತ್ಮನಿಗೆ ಯೋಹಾನನ ಸುವಾರ್ತೆಯಲ್ಲಿರುವ ಹೆಸರಾದರೋ ಅದಕ್ಕೆ ಪೂರಾ ವಿರುದ್ಧವಾದದ್ದು. ಕನ್ನಡದಲ್ಲಿ "ಸಹಾಯಕ" ಎಂದು ಓದುವ ಆ ಗ್ರೀಕ್ ಶಬ್ದಕ್ಕೆ ನಮ್ಮ ಪರವಾಗಿ ನಿಲ್ಲಲು ಕರೆಸಿಕೊಂಡವನು, ವಕೀಲ ಎಂಬ ಅರ್ಥವೂ ಇದೆ. ರೋಗಿಯ ಮೇಲೆ ದೂರು ಹೊರಿಸುವ ಧ್ವನಿಯನ್ನು ಕೇಳಿದಾಗ ಅದು ಇಬ್ಬರಲ್ಲಿ ಯಾರದೆಂದು ಅಮ್ಮನವರೇ ತೀರ್ಮಾನಿಸಲಿ.

ಮಾರ್ಕನ 9ನೆಯ ಅಧ್ಯಾಯವನ್ನು ನಾನು ತಳ್ಳಿಹಾಕುವವನಲ್ಲ. ಅಮ್ಮನವರ ಜೊತೆ ಕುಳಿತು ಅದನ್ನು ಮತ್ತೊಮ್ಮೆ ಮೆಲ್ಲಗೆ ಓದಿ. ಯೇಸು ಆ ತಂದೆಗೆ ಕೇಳಿದ ಪ್ರಶ್ನೆ ಯಾವುದು? ನಿನ್ನ ಮನೆಯಲ್ಲಿ ಯಾರು ಪಾಪ ಮಾಡಿದರೆಂದು ಕೇಳಲಿಲ್ಲ. ಇದು ಇವನಿಗೆ ಬಂದು ಎಷ್ಟು ಕಾಲವಾಯಿತು ಎಂದು ಕೇಳಿದನು, ವೈದ್ಯರು ಮೊದಲು ಕೇಳುವ ಪ್ರಶ್ನೆಯೂ ಅದೇ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಆ ತಂದೆ ಕೂಗಿಕೊಂಡಾಗ, ನಿನ್ನ ನಂಬಿಕೆ ಸಾಲದು ಎಂದು ಅವನನ್ನು ಕಳುಹಿಸಿಬಿಡಲಿಲ್ಲ. ಹುಡುಗ ಸತ್ತನೆಂದು ಜನ ಅಂದುಕೊಂಡಾಗ ಕೈಹಿಡಿದು ಎಬ್ಬಿಸಿದನು. ಅಲ್ಲದೆ ಮತ್ತಾಯನ 4ನೆಯ ಅಧ್ಯಾಯದ 24ನೆಯ ವಚನ ದೆವ್ವಹಿಡಿದವರನ್ನೂ ಮೂರ್ಛಾರೋಗಿಗಳನ್ನೂ ಪಾರ್ಶ್ವವಾಯು ರೋಗಿಗಳನ್ನೂ ಬೇರೆಬೇರೆಯಾಗಿಯೇ ಎಣಿಸಿದೆ. ಮೂರ್ಛೆಯೆಲ್ಲ ದೆವ್ವ ಎಂದು ಸುವಾರ್ತಿಕನೇ ಹೇಳದಿರುವಾಗ ನಾವು ಹೇಳುವುದು ಹೇಗೆ? ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ, ಇವನೂ ಅಲ್ಲ, ತಂದೆತಾಯಿಗಳೂ ಅಲ್ಲ ಎಂದು ಯೇಸು ಕೊಟ್ಟ ಉತ್ತರ ಯೋಹಾನನ 9ನೆಯ ಅಧ್ಯಾಯದಲ್ಲಿದೆ.

ಉತ್ತರ: ಹುಬ್ಬಳ್ಳಿಯ ಕಥೋಲಿಕ ಓದುಗ

ಮೇಷ್ಟ್ರು ಬರೆದದ್ದಕ್ಕೆ ನಮ್ಮ ಕಡೆಯ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಕಥೋಲಿಕ ಧರ್ಮಸಭೆ ಸೈತಾನನಿದ್ದಾನೆ ಎಂದೇ ಬೋಧಿಸುತ್ತದೆ. ದೀಕ್ಷಾಸ್ನಾನದಲ್ಲಿಯೂ ಪಾಸ್ಖ (ಈಸ್ಟರ್) ಹಬ್ಬದ ಜಾಗರಣೆಯಲ್ಲಿಯೂ ಸೈತಾನನನ್ನು ತ್ಯಜಿಸುತ್ತೀರಾ ಎಂದು ಗುರುಗಳು (ಪಾದ್ರಿಗಳು) ಕೇಳುತ್ತಾರೆ, ತ್ಯಜಿಸುತ್ತೇವೆ ಎಂದು ನಾವು ಕೈಯಲ್ಲಿ ಮೇಣದಬತ್ತಿ ಹಿಡಿದು ಉತ್ತರಿಸುತ್ತೇವೆ. ಆದರೆ ಅವನು ದೇವರಿಗೆ ಸರಿಸಮನಾದ ಎದುರಾಳಿಯೆಂದು ಸಭೆ ಎಂದೂ ಒಪ್ಪಿಲ್ಲ. ಬೆಳಕಿಗೆ ಒಬ್ಬ ದೇವರು, ಕತ್ತಲೆಗೆ ಮತ್ತೊಬ್ಬ ಎಂಬ ಮತಗಳು ಹರಡಿದ್ದ ಕಾಲದಲ್ಲಿ, 1215ರಲ್ಲಿ ರೋಮಿನಲ್ಲಿ ಕೂಡಿದ ನಾಲ್ಕನೆಯ ಲ್ಯಾಟರನ್ ಮಹಾಸಭೆ, ಸೈತಾನನೂ ಇತರ ದುರಾತ್ಮಗಳೂ ದೇವರಿಂದ ಸ್ವಭಾವತಃ ಒಳ್ಳೆಯವರಾಗಿಯೇ ಸೃಷ್ಟಿಯಾದರು, ತಾವಾಗಿಯೇ ಕೆಟ್ಟರು ಎಂದು ಸ್ಪಷ್ಟಪಡಿಸಿತು. ಸೃಷ್ಟಿಯಾದದ್ದಕ್ಕೆ ಸೃಷ್ಟಿಕರ್ತನ ಶಕ್ತಿಯಿಲ್ಲ.

ದೆವ್ವ ಬಿಡಿಸುವ ವಿಧಿ ನಮ್ಮಲ್ಲಿದೆ. 1614ರ ವಿಧಿಗ್ರಂಥವನ್ನು ಪರಿಷ್ಕರಿಸಿ 1999ರಲ್ಲಿ ಹೊಸದನ್ನು ಹೊರತಂದರು. ಆದರೆ 1983ರ ಸಭಾಕಾನೂನಿನ 1172ನೆಯ ನಿಯಮದ ಪ್ರಕಾರ ಸ್ಥಳೀಯ ಧರ್ಮಾಧ್ಯಕ್ಷರ (ಬಿಷಪ್) ವಿಶೇಷ ಅನುಮತಿಯಿಲ್ಲದೆ ಯಾರೂ, ಗುರುಗಳು ಕೂಡ, ಅದನ್ನು ನಡೆಸುವಂತಿಲ್ಲ. ಅನುಮತಿ ಕೊಡುವುದಕ್ಕೆ ಮುಂಚೆ ಇದು ಕಾಯಿಲೆಯಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಕಾಯಿಲೆ ವೈದ್ಯರಿಗೆ ಸೇರಿದ್ದು ಎಂದು ಧರ್ಮೋಪದೇಶದ ಗ್ರಂಥವೂ ಹೇಳುತ್ತದೆ.

ಈ ಕಟ್ಟುನಿಟ್ಟು ಏಕೆ ಬೇಕೆಂಬುದಕ್ಕೆ ನಮ್ಮ ಸಭೆಯೊಳಗೇ ನಡೆದ ಒಂದು ದುರಂತವನ್ನು ನೆನೆಯಲೇಬೇಕು, ಅದನ್ನು ಮುಚ್ಚಿಡುವುದು ಸರಿಯಲ್ಲ. ಜರ್ಮನಿಯ ಕ್ಲಿಂಗನ್‌ಬರ್ಗ್ ಎಂಬ ಊರಿನಲ್ಲಿ 1976ರಲ್ಲಿ 23 ವರ್ಷದ ಯುವತಿಯೊಬ್ಬಳು ತೀರಿಕೊಂಡಳು. ಅವಳಿಗೆ ಅಪಸ್ಮಾರ, ಅಂದರೆ ಮೂರ್ಛೆ ರೋಗವಿದೆಯೆಂದು ವೈದ್ಯರು ಮೊದಲೇ ಹೇಳಿದ್ದರು. ಧರ್ಮಾಧ್ಯಕ್ಷರ ಅನುಮತಿ ಪಡೆದೇ ಇಬ್ಬರು ಗುರುಗಳು ಹತ್ತು ತಿಂಗಳುಗಳಲ್ಲಿ 67 ಸಲ ಅವಳ ಮೇಲೆ ಆ ವಿಧಿಯನ್ನು ನಡೆಸಿದರು. ಅವಳು ಊಟ ಬಿಟ್ಟು, ಸೊರಗಿ, ಹೊಟ್ಟೆಗಿಲ್ಲದೆ ಸತ್ತಳು. ತಂದೆತಾಯಿಗಳೂ ಆ ಇಬ್ಬರು ಗುರುಗಳೂ ನಿರ್ಲಕ್ಷ್ಯದಿಂದಾದ ಸಾವಿಗೆ ಹೊಣೆಗಾರರೆಂದು 1978ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅವರಲ್ಲಿ ಒಬ್ಬರೂ ಅವಳಿಗೆ ಕೇಡು ಬಯಸಿದವರಲ್ಲ, ನಿಮ್ಮ ತಾಯಿಯಂತೆಯೇ ಅವಳನ್ನು ಪ್ರೀತಿಸಿದವರು. ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಅದೇ.

ಉತ್ತರ: ರಾಣೆಬೆನ್ನೂರಿನಿಂದ ಒಬ್ಬ ವಿಶ್ವಾಸಿ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ನಾನು ಪೆಂತೆಕೊಸ್ತ ಸಭೆಗೆ ಸೇರಿದವನು, ಆದ್ದರಿಂದ ನನ್ನ ಮಾತು ಸ್ವಲ್ಪ ಬೇರೆಯಾಗಿರುತ್ತದೆ. ಓದಿದವರು ಸೈತಾನನನ್ನು ಶಬ್ದಾರ್ಥದಲ್ಲಿ ಹಿಡಿದು ಕೋರ್ಟಿನಲ್ಲಿ ಕೂರಿಸಿಬಿಟ್ಟರೆ, ಅವನ ಕೈಯಲ್ಲಿ ಸಿಕ್ಕಿ ನರಳಿದವರಿಗೆ ಏನು ಹೇಳುತ್ತೀರಿ? ನಾನು ಒಂಬತ್ತು ವರ್ಷ ಕುಡಿದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತು ಸಂಪಾದಿಸಿದ್ದನ್ನು ಸಂಜೆಯೊಳಗೆ ಮುಗಿಸಿ ಮನೆಗೆ ಹೋಗಿ ಹೆಂಡತಿಯನ್ನು ಹೊಡೆಯುತ್ತಿದ್ದೆ. ಬೆಳಿಗ್ಗೆ ಎದ್ದು, ನಿನ್ನೆ ಹೊಡೆದ ಕೈ ನನ್ನದೇ ಏನು ಎಂದು ನೋಡಿಕೊಳ್ಳುತ್ತಿದ್ದೆ. ಸಭೆಯ ಮೂವರು ನನ್ನ ಮನೆಗೆ ಬಂದು ರಾತ್ರಿಯಿಡೀ ನನ್ನ ಜೊತೆ ಕುಳಿತು ಪ್ರಾರ್ಥಿಸಿದರು, ಮರುದಿನವೂ ಬಂದರು, ನಲವತ್ತು ದಿನ ಬಂದರು. ನನ್ನನ್ನು ಹಿಡಿದಿದ್ದದ್ದು ದುರಾತ್ಮವೆಂದೇ ನಾನು ಸಾಕ್ಷಿ ಹೇಳುತ್ತೇನೆ, ಅದು ಕರ್ತನ ನಾಮದಲ್ಲಿ ಹೋಯಿತೆಂದೂ ಹೇಳುತ್ತೇನೆ. ಪೇತ್ರನು ಸೈತಾನನನ್ನು ಗರ್ಜಿಸುವ ಸಿಂಹವೆಂದು ಬರೆದದ್ದು ಅಲಂಕಾರಕ್ಕಲ್ಲ.

ಆದರೂ ಆ ಕೂಟದಲ್ಲಿ ಮಾಡಿದ್ದನ್ನು ನಾನು ಒಪ್ಪುವುದಿಲ್ಲ. ನಮ್ಮ ಪಾಸ್ಟರ್ ಸಕ್ಕರೆ ಕಾಯಿಲೆಯವರಿಗಾಗಿ ಪ್ರಾರ್ಥಿಸಿದ ಮೇಲೆ, ಮಾತ್ರೆ ನಿಲ್ಲಿಸುವುದು ಬಿಡುವುದು ಡಾಕ್ಟರರಿಗೆ ಸೇರಿದ್ದು ಎಂದು ಪ್ರತಿ ಸಲವೂ ಹೇಳುತ್ತಾರೆ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲನು ಲೂಕನನ್ನು ಪ್ರಿಯ ವೈದ್ಯನೆಂದು ಕರೆದಿದ್ದಾನೆ, ವೈದ್ಯನನ್ನು ಜೊತೆಗಿಟ್ಟುಕೊಂಡು ಊರೂರು ತಿರುಗಿದವನು ಅವನು. ದೆವ್ವಗಳು ನಮಗೆ ಅಧೀನವಾಗಿವೆ ಎಂದು ಶಿಷ್ಯರು ಸಂತೋಷಪಟ್ಟಾಗ, ಅದಕ್ಕಾಗಿ ಸಂತೋಷಪಡಬೇಡಿರಿ, ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿವೆ ಎಂಬುದಕ್ಕಾಗಿ ಸಂತೋಷಪಡಿರಿ ಎಂದು ಕರ್ತನೇ ತಡೆದನು. ದೆವ್ವ ಬಿಡಿಸುವುದನ್ನೇ ಹೆಸರು ಮಾಡುವ ದಾರಿ ಮಾಡಿಕೊಂಡವರು ಆ ವಚನವನ್ನು ಮರೆತಿದ್ದಾರೆ. ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದಲ್ಲಿ ಯೇಸುವಿನ ಹೆಸರು ಹೇಳಿ ದೆವ್ವ ಬಿಡಿಸಲು ಹೋಗಿ ಏಟು ತಿಂದು ಓಡಿದ ಸ್ಕೇವನ ಏಳು ಮಂದಿ ಮಕ್ಕಳ ವಿಷಯವನ್ನೂ ಅವರು ಓದಲಿ.

ಶಿಕ್ಷಕರ ಮರು ಉತ್ತರ, ಧಾರವಾಡ

ಸಹೋದರರೇ, ನಿಮ್ಮ ಸಾಕ್ಷಿಯ ಮುಂದೆ ವಾದಕ್ಕೆ ನಿಲ್ಲುವುದು ನನಗೆ ಸಲ್ಲದು. ವಿದ್ಯುದ್ದೀಪವನ್ನೂ ರೇಡಿಯೋವನ್ನೂ ಬಳಸುತ್ತಾ ಹೊಸ ಒಡಂಬಡಿಕೆಯ ಆತ್ಮಗಳ ಲೋಕವನ್ನೂ ನಂಬಲಾಗದು ಎಂದು ಜರ್ಮನಿಯ ದೇವಶಾಸ್ತ್ರಜ್ಞ ರುಡಾಲ್ಫ್ ಬುಲ್ಟ್‌ಮನ್ 1941ರಲ್ಲಿ ವಾದಿಸಿದ್ದನ್ನು ನಾನು ಬಲ್ಲೆ, ಅಷ್ಟು ದೂರ ನಾನು ಹೋಗುವುದಿಲ್ಲ. ಮೊಬೈಲ್ ಹಿಡಿದ ಕೈಯಲ್ಲಿಯೂ ಕೆಡುಕು ಎಷ್ಟು ಸಲೀಸಾಗಿ ಬಂದು ಕೂರುತ್ತದೆಂಬುದನ್ನು ಕಂಡಿದ್ದೇನೆ. ನಮ್ಮ ಹೋರಾಟವು ರಕ್ತಮಾಂಸದೊಡನೆಯಲ್ಲ, ಅಧಿಕಾರಗಳೊಡನೆ ಎಂದು ಎಫೆಸದವರಿಗೆ ಬರೆದ ಪತ್ರದ 6ನೆಯ ಅಧ್ಯಾಯ ಹೇಳುತ್ತದೆ. ಒಬ್ಬೊಬ್ಬ ಮನುಷ್ಯನ ಇಚ್ಛೆಗಿಂತ ದೊಡ್ಡದಾಗಿ ಬೆಳೆದು, ಒಳ್ಳೆಯವರನ್ನೂ ತನ್ನ ಕೆಲಸಕ್ಕೆ ಹಚ್ಚುವ ಕೆಡುಕುಗಳು ಇವೆ. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಭಾನುವಾರ ಹಾಡಿ, ಸೋಮವಾರ ಮಗಳ ಮದುವೆಗೆ ಜಾತಿ ಹುಡುಕುವ ನಮ್ಮ ಸಭೆಗಳೊಳಗಿನ ಆ ಬಲಕ್ಕೆ ಏನೆಂದು ಹೆಸರಿಡೋಣ? ಅದನ್ನು ಬಿಡಿಸಲು ಯಾವ ಕೂಟವೂ ಸೇರುವುದಿಲ್ಲ. ಕಾಯಿಲೆಯ ಹುಡುಗನೊಬ್ಬ ಸುಲಭವಾಗಿ ಕೈಗೆ ಸಿಗುತ್ತಾನೆ. ನಿಮ್ಮ ಮನೆಗೆ ನಲವತ್ತು ದಿನ ಬಂದು ಕುಳಿತವರು ಮಾಡಿದ್ದು ವಕೀಲನ ಕೆಲಸವೆಂದೇ ನನಗೆ ಕಾಣುತ್ತದೆ. ಅವರು ನಿಮ್ಮ ಮೇಲೆ ದೂರು ಹೇಳಲು ಬಂದಿರಲಿಲ್ಲ.

ಉತ್ತರ: ಬೆಟಗೇರಿಯಿಂದ ಒಬ್ಬ ನೇಕಾರ

ದೇವರು ಎಲ್ಲವನ್ನೂ ಒಳ್ಳೆಯದಾಗಿ ಮಾಡಿದ್ದರೆ ಕೆಡುಕು ಎಲ್ಲಿಂದ ಬಂತು ಎಂಬುದನ್ನು ಇಲ್ಲಿ ಇನ್ನೂ ಯಾರೂ ಎತ್ತಿಲ್ಲ. ಸಂತ ಅಗಸ್ಟೀನನು ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕಾದಲ್ಲಿ ಹುಟ್ಟಿದವನು. ಸಭೆಗೆ ಸೇರುವ ಮುಂಚೆ ಸುಮಾರು ಒಂಬತ್ತು ವರ್ಷ, ಬೆಳಕು ಕತ್ತಲೆಗಳೆಂಬ ಎರಡು ಮೂಲಶಕ್ತಿಗಳಿವೆಯೆಂದು ಕಲಿಸುವ ಮಾನಿಯ ಮತವನ್ನು ಹಿಂಬಾಲಿಸಿದ್ದನು. ಅದನ್ನು ಬಿಟ್ಟು ಬಂದವನು ಹೇಳಿದ್ದೇನೆಂದರೆ ಕೆಡುಕಿಗೆ ತನ್ನದೇ ಆದ ಸತ್ವವಿಲ್ಲ, ಇರಬೇಕಾದ ಒಳ್ಳೆಯದು ಇಲ್ಲವಾದದ್ದೇ ಕೆಡುಕು. ಸಭೆಯ ಅಧ್ಯಯನದಲ್ಲಿ ಇದನ್ನು ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ನನ್ನ ಮಗ್ಗ. ಹಾಸಿನ ಒಂದು ಎಳೆ ಹರಿದದ್ದನ್ನು ನೋಡದೆ ಲಾಳಿ ಹೊಡೆಯುತ್ತಾ ಹೋದರೆ ಸೀರೆಯ ಉದ್ದಕ್ಕೂ ಒಂದು ಗೆರೆ ಬೀಳುತ್ತದೆ. ಬೆಳಕಿಗೆ ಹಿಡಿದರೆ ಮೊದಲು ಕಣ್ಣಿಗೆ ಬೀಳುವುದು ಆ ಗೆರೆಯೇ, ಬೆಲೆ ಇಳಿಸುವುದೂ ಅದೇ. ಆದರೆ ಆ ಗೆರೆಯನ್ನು ಯಾವ ನೂಲಿನಿಂದಲೂ ನೇಯ್ದಿಲ್ಲ, ಅಲ್ಲಿ ನೂಲೇ ಇಲ್ಲ. ಗೆರೆಯನ್ನು ಕಿತ್ತುಹಾಕುತ್ತೇನೆಂದು ಹೊರಟರೆ ಸೀರೆಯೇ ಹರಿಯುತ್ತದೆ. ತಪ್ಪಿದ ಎಳೆಯನ್ನು ಹುಡುಕಿ ಗಂಟು ಹಾಕಿ ಸೇರಿಸಬೇಕು.

ಸೈತಾನನ ಸ್ವಭಾವ ಕೂಡ ಸ್ವಭಾವವಾಗಿರುವ ಮಟ್ಟಿಗೆ ಕೆಟ್ಟದ್ದಲ್ಲ, ಅದು ತಿರುಚಿಕೊಂಡದ್ದರಿಂದ ಕೆಟ್ಟಿತು ಎಂದು ಹೇಳುವಷ್ಟರ ಮಟ್ಟಿಗೆ ಅಗಸ್ಟೀನನು ಈ ವಿಚಾರವನ್ನು ಎಳೆದಿದ್ದಾನೆ. ಹಾಗಾದರೆ ಒಳ್ಳೆಯ ದೂತನು ತಿರುಚಿಕೊಂಡದ್ದು ಏಕೆ? ಅದರ ಕಾರಣವನ್ನು ಹುಡುಕುವುದು ಕತ್ತಲೆಯನ್ನು ಕಣ್ಣಿನಿಂದ ನೋಡಲು, ಮೌನವನ್ನು ಕಿವಿಯಿಂದ ಕೇಳಲು ಹೊರಟಂತೆ ಎಂದು ಅವನೇ ಕೈಬಿಟ್ಟನು. ನನಗೆ ಆ ಉತ್ತರ ಪೂರ್ತಿ ಸಾಲುವುದಿಲ್ಲ. ಏಟು ತಿಂದ ಹೆಣ್ಣುಮಗಳಿಗೆ, ನಿನ್ನನ್ನು ಹೊಡೆದದ್ದು ಒಂದು ಇಲ್ಲದಿರುವಿಕೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಹೆದರಿದ ನಿಮ್ಮ ತಮ್ಮನಿಗೆ ಇದರಲ್ಲಿ ಒಂದು ಧೈರ್ಯವಿದೆಯೆಂದು ನಂಬುತ್ತೇನೆ. ದೇವರು ಅವನನ್ನು ನೇಯ್ದ ನೂಲಿನಲ್ಲಿ ಸೈತಾನನ ಎಳೆ ಒಂದೂ ಇಲ್ಲ, ಇರಲಿಕ್ಕೆ ಸೈತಾನನ ಬಳಿ ನೂಲೇ ಇಲ್ಲ.

ಉತ್ತರ: ಶುಶ್ರೂಷಕಿ, ಧಾರವಾಡ

ದೇವಶಾಸ್ತ್ರ ನನ್ನ ವಿಷಯವಲ್ಲ, ಎರಡೇ ಮಾತು. ಮೂರ್ಛೆಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಿಡುವಿಲ್ಲದೆ ಮೇಲಿಂದ ಮೇಲೆ ಮೂರ್ಛೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಹುಡುಗ ನಾಲ್ಕು ಹೊಲಿಗೆಯಲ್ಲಿ ಪಾರಾದದ್ದು ದೊಡ್ಡದು. ಮೂರ್ಛೆ ಬಂದಾಗ ಕೈಗೆ ಕಬ್ಬಿಣದ ಕೀಲಿ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ತಲೆಗೆ ಪೆಟ್ಟಾಗದಂತೆ ಮೆತ್ತಗಿನದೇನಾದರೂ ಇಟ್ಟು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಕರೆತನ್ನಿ. ಕನ್ನಡಿಯ ಭಯದ ಬಗ್ಗೆ ಇಲ್ಲಿಯ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ತೋರಿಸಬಹುದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಮಾತಾಡುತ್ತಾರೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ನಮ್ಮ ರಾಜ್ಯದ 2017ರ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮಲ್ಲಿ ಅಷ್ಟಕ್ಕೆ ಹೋಗಿಲ್ಲ, ಆದರೂ ತಿಳಿದಿರಲಿ.

ಪ್ರಶ್ನೆ ಕೇಳಿದವರಿಂದ: ಎರಡು ವಾರಗಳ ನಂತರ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಈ ಉತ್ತರಗಳನ್ನು ಮುದ್ರಿಸಿ ತಂದು ಮೂರು ರಾತ್ರಿ ಊಟಕ್ಕೆ ಮುಂಚೆ ಓದಿದೆವು. ರಾಣೆಬೆನ್ನೂರಿನ ಅಣ್ಣನವರ ಸಾಕ್ಷಿ ಅಮ್ಮನಿಗೆ ಬಹಳ ಹಿಡಿಸಿತು. ಅವರು ಮಾತ್ರೆಯ ವಿಷಯದಲ್ಲಿ ಹೇಳಿದ್ದನ್ನು ಅಮ್ಮ ಒಪ್ಪಿದಷ್ಟು ಬೇರೆ ಯಾರು ಹೇಳಿದ್ದರೂ ಒಪ್ಪುತ್ತಿರಲಿಲ್ಲ. ಯೋಬನ ಸ್ನೇಹಿತರ ಭಾಗವನ್ನು ಓದುವಾಗ ಎದ್ದು ಅಡುಗೆಮನೆಗೆ ಹೋದಳು, ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಬಂದು ಮುಂದೆ ಓದು ಎಂದಳು.

ಸೈತಾನನ ಭಯ ಅವಳಿಗೆ ಪೂರ್ತಿ ಹೋಗಿದೆಯೆಂದು ನಾನು ಹೇಳಲಾರೆ. ಕರ್ತನ ಪ್ರಾರ್ಥನೆಯಲ್ಲಿ "ಕೇಡಿನಿಂದ ನಮ್ಮನ್ನು ತಪ್ಪಿಸು" ಎಂಬ ಸಾಲನ್ನು ಮೂಲದಲ್ಲಿ "ಕೆಡುಕನಿಂದ" ಎಂದೂ ಓದಬಹುದೆಂದು ನಮ್ಮ ಸಭಾಪಾಲಕರು ತಿಳಿಸಿದಾಗ, ಎರಡರಿಂದಲೂ ತಪ್ಪಿಸಲಿ ಎಂದಳು. ಕಳೆದ ಗುರುವಾರ ತಮ್ಮನನ್ನು ನರರೋಗ ತಜ್ಞರಿಗೆ ತೋರಿಸಿದೆವು. ಇದು ಅವನಿಗೆ ಬಂದು ಎಷ್ಟು ಕಾಲವಾಯಿತು ಎಂದೇ ಅವರು ಮೊದಲು ಕೇಳಿದರು. ಅಮ್ಮ ಥಟ್ಟನೆ ನನ್ನ ಮುಖ ನೋಡಿದಳು. ನೇಕಾರರು ಬರೆದದ್ದನ್ನು ತಮ್ಮ ತನ್ನ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದಾನೆ. ಕನ್ನಡಿಯ ಮೇಲೆ ಅವನೇ ಹೊದಿಸಿದ್ದ ಟವೆಲನ್ನು ಇನ್ನೂ ತೆಗೆದಿಲ್ಲ, ಆದರೆ ನಿನ್ನೆ ಬೆಳಿಗ್ಗೆ ಅದರ ಒಂದು ಮೂಲೆಯನ್ನು ಎತ್ತಿ ಹುಬ್ಬಿನ ಹೊಲಿಗೆಯ ಕಲೆಯನ್ನು ನೋಡಿಕೊಂಡ.